ಬಡ್ತಿಯ ಪ್ರಸ್ತಾವ ಬಂದಾಗ ಬರೆದ ವ್ಯಕ್ತಿತ್ವ ಪರೀಕ್ಷೆಗಳು

ಮಂಗಳೂರಿನ ಒಂದು ಸಹಕಾರಿ ಸಂಘದ ಸಾಲ ವಿಭಾಗಕ್ಕೆ ನಾನು ಸೇರಿದ್ದು ಬಿ.ಕಾಂ. ಮುಗಿಸಿದ ವರ್ಷವೇ. ಪಡುಬಿದ್ರಿಯ ಮನೆಯಿಂದ ಬೆಳಿಗ್ಗೆ ಎಕ್ಸ್‌ಪ್ರೆಸ್ ಬಸ್ಸು ಹಿಡಿದು ಹೋಗುವುದು, ಸಂಜೆ ಹಿಂದಿರುಗುವುದು, ನಡುವೆ ಜಾಮೀನುದಾರರ ಸಹಿ, ಚಿನ್ನಾಭರಣ ಸಾಲದ ಕಾಗದಪತ್ರ, ಪಿಗ್ಮಿ ಸಂಗ್ರಹದ ತಾಳೆ ಎಂದು ದಿನ ಕಳೆಯುವುದು ಒಂದು ಹದಕ್ಕೆ ಬಂದಿದ್ದ ಹೊತ್ತಿನಲ್ಲಿ, ಕುಂದಾಪುರದಲ್ಲಿ ತೆರೆಯಲಿದ್ದ ಹೊಸ ಶಾಖೆಗೆ ನನ್ನನ್ನು ಮ್ಯಾನೇಜರ್ ಆಗಿ ಕಳುಹಿಸುವ ಪ್ರಸ್ತಾವ ಆಡಳಿತ ಮಂಡಳಿಯಲ್ಲಿ ಬಂದಿತು. ಅದೇ ಸಮಯಕ್ಕೆ ಮುಲ್ಕಿಯಲ್ಲಿ ಸ್ವಸಹಾಯ ಗುಂಪುಗಳ ಸಂಯೋಜಕಿಯ ಹುದ್ದೆಯೂ ತೆರವಾಗಿತ್ತು. ಅದರಲ್ಲಿ ಸಂಬಳದ ಹೆಚ್ಚಳ ಅಲ್ಪ, ಊರೂರು ತಿರುಗುವ ಕೆಲಸ, ಹೆಸರಿನ ಕೆಳಗೆ ಬರೆದುಕೊಳ್ಳಲು ದೊಡ್ಡ ಪದವಿಯೇನೂ ಇಲ್ಲ. ಯಾವುದನ್ನು ಒಪ್ಪುತ್ತೇನೆಂದು ಮಾರ್ಚ್ ಮುಗಿಯುವುದರೊಳಗೆ ತಿಳಿಸಬೇಕೆಂದು ಮಹಾಪ್ರಬಂಧಕರು ಹೇಳಿದರು.

ಕೇಳಿದವರೆಲ್ಲರೂ ಮ್ಯಾನೇಜರ್ ಹುದ್ದೆಯನ್ನೇ ಹೇಳಿದರು. 1906ರಲ್ಲಿ ಮಂಗಳೂರಿನಲ್ಲೂ ಉಡುಪಿಯಲ್ಲೂ ಒಂದೊಂದು ಬ್ಯಾಂಕು ಹುಟ್ಟಿ, ಮುಂದೆ 1924, 1925, 1931ರಲ್ಲಿ ಮತ್ತೂ ಮೂರು ಬ್ಯಾಂಕುಗಳನ್ನು ಕಟ್ಟಿದ ಈ ಕರಾವಳಿಯಲ್ಲಿ ಮ್ಯಾನೇಜರ್ ಎಂಬ ಪದಕ್ಕೆ ಇರುವ ಗೌರವ ಬೇರೆಯೇ. ಸಂತೆಕಟ್ಟೆಯ ತವರುಮನೆಯಲ್ಲಿ ಅಪ್ಪ ಇಂದಿಗೂ ಯಾರನ್ನಾದರೂ ಪರಿಚಯಿಸುವಾಗ, ಅವರು ಯಾವ ಬ್ಯಾಂಕಿನ ಯಾವ ಶಾಖೆಯಲ್ಲಿ ಮ್ಯಾನೇಜರ್ ಆಗಿದ್ದರು ಎಂಬುದರಿಂದಲೇ ಮಾತು ಶುರುಮಾಡುತ್ತಾರೆ. ಎಲ್ಲರೂ ಒಂದೇ ಉತ್ತರ ಕೊಡುತ್ತಿದ್ದಾಗ ನನಗೆ ಬೇಕಾಗಿದ್ದದ್ದು ಮತ್ತೊಂದು ಸಲಹೆಯಲ್ಲ. ನನ್ನ ಸ್ವಭಾವವನ್ನು ನನ್ನಿಂದ ಸ್ವಲ್ಪ ದೂರ ನಿಂತು ನೋಡುವ ಒಂದು ವಿಧಾನ ಬೇಕಾಗಿತ್ತು.

ವ್ಯಕ್ತಿತ್ವ ಪರೀಕ್ಷೆ ನನಗೆ ಹೊಸದಾಗಿರಲಿಲ್ಲ. ಹಿಂದೊಮ್ಮೆ ನಮ್ಮ ಸಂಘದವರು ಏರ್ಪಡಿಸಿದ್ದ ತರಬೇತಿ ಶಿಬಿರದಲ್ಲಿ ನಾಲ್ಕು ಅಕ್ಷರಗಳ ಫಲಿತಾಂಶ ಕೊಡುವ ಪರೀಕ್ಷೆಯೊಂದನ್ನು ಎಲ್ಲರಿಂದಲೂ ಬರೆಸಿದ್ದರು. ಅಂತರ್ಮುಖಿಯೋ ಬಹಿರ್ಮುಖಿಯೋ ಎಂಬಂಥ ನಾಲ್ಕು ಜೋಡಿಗಳಲ್ಲಿ ನಾವು ಯಾವ ಕಡೆಯವರು ಎಂಬುದನ್ನು ಒಂದೊಂದು ಅಕ್ಷರ ಹೇಳುತ್ತದೆ. ನನಗೆ ಐಎಸ್‌ಎಫ್‌ಜೆ ಎಂದು ಬಂದಿತ್ತು. ಅದರ ವಿವರಣೆಯನ್ನು ಮನೆಯಲ್ಲಿ ಹುಡುಕಿ ಮತ್ತೆ ಓದಿದಾಗ, ಇತರರ ಕಷ್ಟಕ್ಕೆ ಮಿಡಿಯುವವರು, ಹೊಗಳಿಕೆಯನ್ನು ಬಯಸದವರು, ಕೊಟ್ಟ ಮಾತನ್ನು ನಡೆಸುವವರು ಎಂದೆಲ್ಲ ಇದ್ದ ಸಾಲುಗಳು ನಿಜವೆನಿಸಿದವು. ಆಮೇಲೆ ಸಹೋದ್ಯೋಗಿಯೊಬ್ಬರ ಫಲಿತಾಂಶದ ವಿವರಣೆಯನ್ನು ಕೇಳಿ ಪಡೆದು ಓದಿದೆ. ಅವರದು ನನಗಿಂತ ತೀರ ಬೇರೆ ವರ್ಗ. ಆದರೂ ಅದರ ಮುಕ್ಕಾಲು ಪಾಲು ನನಗೂ ಹೊಂದುವಂತಿತ್ತು.

ಇದಕ್ಕೆ ಮನಃಶಾಸ್ತ್ರದಲ್ಲಿ ಒಂದು ಪ್ರಸಿದ್ಧ ಪ್ರಯೋಗವೇ ಇದೆ. ಅಮೆರಿಕದ ಬರ್ಟ್ರಂ ಫೋರರ್ 1948ರಲ್ಲಿ ತನ್ನ ತರಗತಿಯ 39 ವಿದ್ಯಾರ್ಥಿಗಳಿಂದ ಒಂದು ಪರೀಕ್ಷೆ ಬರೆಸಿ, ಪ್ರತಿಯೊಬ್ಬರಿಗೂ ಅವರದೇ ವ್ಯಕ್ತಿತ್ವದ ವರದಿಯೆಂದು ಒಂದೊಂದು ಹಾಳೆ ಕೊಟ್ಟರು. ಅದು ಎಷ್ಟು ಸರಿಯಾಗಿದೆಯೆಂದು ಐದಕ್ಕೆ ಅಂಕ ಹಾಕಲು ಹೇಳಿದಾಗ ಸರಾಸರಿ 4.26 ಬಂದಿತು. ಎಲ್ಲರ ಕೈಯಲ್ಲಿದ್ದದ್ದೂ ಒಂದೇ ಬರಹ, ಅಂಗಡಿಯಲ್ಲಿ ಮಾರುವ ಜ್ಯೋತಿಷದ ಪುಸ್ತಕವೊಂದರಿಂದ ಆಯ್ದ ವಾಕ್ಯಗಳು. ಈ ಪ್ರಯೋಗದ ಬಗ್ಗೆ ಓದಿದ ಮೇಲೆ ನಾನು ಪರೀಕ್ಷೆಗಳನ್ನು ಕೈಬಿಡಲಿಲ್ಲ. ವರದಿಯನ್ನು ಓದಿದಾಗ ಮನಸ್ಸಿಗೆ ಆಗುವ ಸಮಾಧಾನವನ್ನು ಪುರಾವೆಯೆಂದು ಎಣಿಸುವುದಿಲ್ಲ ಎಂದಷ್ಟೇ ನಿಶ್ಚಯಿಸಿದೆ.

ಕಂಕನಾಡಿಯ ಕಡೆ ಇರುವ ಒಬ್ಬ ಆಪ್ತ ಸಮಾಲೋಚಕಿಯ ಬಳಿಗೆ ಹೋಗುವಾಗ ಆ ನಾಲ್ಕು ಅಕ್ಷರಗಳ ವರದಿಯನ್ನೂ ಜೊತೆಗೆ ಒಯ್ದಿದ್ದೆ. ಅವರು ಅದನ್ನು ತಳ್ಳಿಹಾಕಲಿಲ್ಲ, ತಲೆಯ ಮೇಲೂ ಹೊತ್ತುಕೊಳ್ಳಲಿಲ್ಲ. ಅದರ ಹಿನ್ನೆಲೆಯನ್ನು ವಿವರಿಸಿದರು. ಕಾರ್ಲ್ ಯೂಂಗ್ 1921ರಲ್ಲಿ ಪ್ರಕಟಿಸಿದ ಮನೋವಿಧಗಳ ವಿಚಾರವನ್ನು ಆಧರಿಸಿ ಕ್ಯಾಥರೀನ್ ಬ್ರಿಗ್ಸ್ ಮತ್ತು ಅವರ ಮಗಳು ಇಸಾಬೆಲ್ ಬ್ರಿಗ್ಸ್ ಮೈಯರ್ಸ್ ಈ ಪ್ರಶ್ನಾವಳಿಯನ್ನು ರೂಪಿಸಿದರು. ಇಬ್ಬರೂ ಮನಃಶಾಸ್ತ್ರವನ್ನು ಕಾಲೇಜಿನಲ್ಲಿ ಕಲಿತು ಬಂದವರಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಮೊದಲ ಸಲ ಮನೆಯಿಂದ ಹೊರಗೆ ದುಡಿಯಲು ಬಂದ ಹೆಂಗಸರಿಗೆ ಅವರವರ ಸ್ವಭಾವಕ್ಕೆ ಒಪ್ಪುವ ಕೆಲಸ ಸಿಗಲಿ ಎಂಬ ಆಶಯ ಅದರ ಹಿಂದೆ ಇತ್ತು ಎಂದು ತಿಳಿದಾಗ ಆ ತಾಯಿ ಮಗಳ ಮೇಲೆ ನನಗೆ ಗೌರವ ಹುಟ್ಟಿತು. ಆದರೆ ತೊಡಕು ಅಂಕ ಹಾಕುವ ಕ್ರಮದಲ್ಲಿದೆ. ಹೆಚ್ಚಿನ ಜನರ ಅಂಕಗಳು ನಡುವಿನ ಆಸುಪಾಸಿನಲ್ಲೇ ಬೀಳುತ್ತವೆ. ಐದೂವರೆ ಅಡಿಗೆ ಒಂದು ಗೆರೆ ಎಳೆದು ಅದಕ್ಕಿಂತ ಕೂದಲೆಳೆಯಷ್ಟು ಮೇಲಿರುವವರನ್ನು ಎತ್ತರದವರೆಂದೂ ಕೆಳಗಿರುವವರನ್ನು ಗಿಡ್ಡರೆಂದೂ ವಿಂಗಡಿಸಿದರೆ ಹೇಗೋ ಹಾಗೆ, ನಡುಗೆರೆಯ ಅಕ್ಕಪಕ್ಕದಲ್ಲಿರುವವರು ಕೆಲವು ವಾರಗಳ ನಂತರ ಮತ್ತೆ ಬರೆದಾಗ ಒಂದೆರಡು ಅಕ್ಷರ ಬದಲಾಗಿಬಿಡುತ್ತದೆ. ನನ್ನ ವರದಿಯಲ್ಲಿ ಅಂತರ್ಮುಖಿ, ಬಹಿರ್ಮುಖಿ ಎಂಬ ಅಳತೆಯಲ್ಲಿ ನಾನು ಆ ಗೆರೆಗೆ ತಾಗಿಕೊಂಡೇ ಇದ್ದೆ. ಈ ಪ್ರಶ್ನಾವಳಿಯನ್ನು ಹೊರತರುವವರೇ ಇದನ್ನು ನೇಮಕಾತಿಗೆ ಬಳಸಬಾರದೆಂದು ಹೇಳಿದ್ದಾರೆ ಎಂಬುದನ್ನೂ ಅವರು ನೆನಪಿಸಿದರು.

“ನಿಮಗೆ ಒಂದು ಹೆಸರು ಬೇಕಾ, ಅಥವಾ ನಿಮ್ಮ ಬಗ್ಗೆ ಏನಾದರೂ ತಿಳಿಯಬೇಕಾ?” ಎಂದು ಕೇಳಿದರು.

“ತಿಳಿಯಬೇಕು ಮೇಡಂ” ಎಂದೆ.

“ಹಾಗಾದರೆ ಸ್ವಲ್ಪ ಹೆಚ್ಚು ಕೆಲಸ ಉಂಟು” ಎಂದರು.

ಅವರು ಕೊಟ್ಟ ಮೊದಲ ಪ್ರಶ್ನಾವಳಿ ಬಿಗ್ ಫೈವ್ ಎಂದು ಕರೆಯುವ ಐದು ಗುಣಗಳನ್ನು ಅಳೆಯುವಂಥದ್ದು. ಮನುಷ್ಯರು ಒಬ್ಬರನ್ನೊಬ್ಬರು ವರ್ಣಿಸಲು ಯಾವ ಪದಗಳನ್ನು ಬಳಸುತ್ತಾರೆ ಎಂಬಲ್ಲಿಂದ ಇದರ ಕಥೆ ಶುರುವಾಗುತ್ತದೆ. ಗಾರ್ಡನ್ ಆಲ್‌ಪೋರ್ಟ್ ಮತ್ತು ಹೆನ್ರಿ ಆಡ್‌ಬರ್ಟ್ 1936ರಲ್ಲಿ ಇಂಗ್ಲಿಷ್ ನಿಘಂಟಿನಿಂದ ಅಂಥ ಹದಿನೆಂಟು ಸಾವಿರದಷ್ಟು ಪದಗಳನ್ನು ಹೆಕ್ಕಿದರು. ಮುಂದೆ ಬಂದವರು ಅವುಗಳನ್ನು ಗುಂಪುಗೂಡಿಸುತ್ತ, ಜನರಿಂದ ಅಂಕ ಹಾಕಿಸಿ ಲೆಕ್ಕ ನೋಡುತ್ತ ಹೋದಾಗ, 1961ರ ಹೊತ್ತಿಗೆ ಅಮೆರಿಕದ ವಾಯುಪಡೆಗಾಗಿ ಕೆಲಸ ಮಾಡುತ್ತಿದ್ದ ಟ್ಯೂಪ್ಸ್ ಮತ್ತು ಕ್ರಿಸ್ಟಲ್ ಎಂಬವರಿಗೆ ಐದು ದೊಡ್ಡ ಗುಂಪುಗಳು ಮತ್ತೆ ಮತ್ತೆ ಎದುರಾದವು. ಹೊಸತನಕ್ಕೆ ತೆರೆದುಕೊಳ್ಳುವ ಗುಣ, ಕರ್ತವ್ಯನಿಷ್ಠೆ, ಬಹಿರ್ಮುಖತೆ, ಇತರರೊಂದಿಗೆ ಹೊಂದಿಕೊಳ್ಳುವ ಗುಣ, ಮನಸ್ಸು ಬೇಗ ಕಲಕುವ ಗುಣ. ಇಲ್ಲಿ ವರ್ಗಗಳಿಲ್ಲ, ಪ್ರತಿಯೊಂದು ಗುಣವೂ ಎಲ್ಲರಲ್ಲೂ ಹೆಚ್ಚುಕಡಿಮೆ ಇರುತ್ತದೆ. ಲೂಯಿಸ್ ಗೋಲ್ಡ್‌ಬರ್ಗ್ ಅವರ ಪ್ರಯತ್ನದಿಂದ ಇದರ ಪ್ರಶ್ನೆಗಳ ದೊಡ್ಡ ಭಂಡಾರವೊಂದು ಯಾರು ಬೇಕಾದರೂ ಶುಲ್ಕವಿಲ್ಲದೆ ಬಳಸಲು ಲಭ್ಯವಿದೆ. ನಾನು ಬರೆದದ್ದು ಅದರಿಂದಲೇ ಆಯ್ದ 120 ಹೇಳಿಕೆಗಳ ಪ್ರಶ್ನಾವಳಿ.

ಅದರ ಮೇಲ್ಭಾಗದ ಸೂಚನೆಯೇ ನನ್ನನ್ನು ತುಂಬ ಹೊತ್ತು ಹಿಡಿದು ನಿಲ್ಲಿಸಿತು. ಮುಂದೆ ಹೇಗಿರಬೇಕೆಂಬ ಆಸೆಯನ್ನು ಬರೆಯದೆ ಈಗ ಹೇಗಿದ್ದೀರೋ ಹಾಗೆ ಬರೆಯಿರಿ, ಸುಮಾರಾಗಿ ನಿಮ್ಮ ವಯಸ್ಸಿನ, ನಿಮ್ಮದೇ ಲಿಂಗದ, ನಿಮಗೆ ಗೊತ್ತಿರುವ ಇತರರೊಂದಿಗೆ ಹೋಲಿಸಿಕೊಂಡು ಬರೆಯಿರಿ ಎಂದು ಅದು ಹೇಳುತ್ತದೆ. ನನಗೆ ಗೊತ್ತಿರುವ ನನ್ನ ವಯಸ್ಸಿನ ಹೆಂಗಸರು ಯಾರು? ಕಚೇರಿಯ ಸಹೋದ್ಯೋಗಿಗಳೇ, ಗಂಡನ ಕುಟುಂಬದ ಓರಗಿತ್ತಿಯರೇ, ದುಬೈಯಲ್ಲಿರುವ ಶಾಲೆಯ ಗೆಳತಿಯರೇ? ದೊಡ್ಡ ಸಂತೋಷಕೂಟಗಳೆಂದರೆ ನನಗೆ ಬಹಳ ಇಷ್ಟ ಎಂಬ ಅರ್ಥದ ಒಂದು ಹೇಳಿಕೆ ಅದರಲ್ಲಿದೆ. ಮೇ ತಿಂಗಳ ಮದುವೆಯ ಕಾಲದಲ್ಲಿ ಒಂದೇ ದಿನ ಉಡುಪಿಯಲ್ಲೊಂದು ಮುಹೂರ್ತ, ಸುರತ್ಕಲ್‌ನಲ್ಲೊಂದು ಆರತಕ್ಷತೆ ಎಂದು ಓಡಾಡುವವಳು ನಾನು. ಆದರೆ ಅವು ನಾನು ಆರಿಸಿಕೊಂಡ ಕೂಟಗಳಲ್ಲ, ಹೋಗದಿದ್ದರೆ ಸಂಬಂಧ ಕೆಡುತ್ತದೆ ಎಂಬ ಕಾರಣಕ್ಕೆ ಹೋಗುವವು. ಉದಾರವಾದಿ ಅಭ್ಯರ್ಥಿಗಳಿಗೆ ಮತ ಹಾಕುವ ಒಲವಿದೆಯೇ ಎಂಬ ಹೇಳಿಕೆಯಂತೂ ಅಮೆರಿಕದ ರಾಜಕೀಯವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಅಂಥಲ್ಲಿ ನಾನು ನಡುವಿನ ಮನೆಗೆ ಗುರುತು ಹಾಕಿ, ಪಕ್ಕದಲ್ಲಿ ಪೆನ್ಸಿಲ್‌ನಿಂದ ಒಂದು ಚುಕ್ಕೆ ಇಟ್ಟೆ.

ಸಮಾಲೋಚಕಿಗೆ ಆ ಚುಕ್ಕೆಗಳೇ ಹೆಚ್ಚು ಇಷ್ಟವಾದವು. ಈ ಬಗೆಯ ಪರೀಕ್ಷೆಯ ಫಲ ಪರ್ಸೆಂಟೈಲ್‌ನಲ್ಲಿ ಬರುತ್ತದೆ. ಜೆಇಇ ಬರೆದ ಮಕ್ಕಳಿರುವ ಮನೆಗಳಲ್ಲಿ ಈ ಪದದ ಅರ್ಥ ಎಲ್ಲರಿಗೂ ಗೊತ್ತು: ನಾವು ಪಡೆದ ಅಂಕವಲ್ಲ, ಬರೆದವರ ಸಾಲಿನಲ್ಲಿ ನಮ್ಮ ಜಾಗ. ಆ ಸಾಲಿನಲ್ಲಿ ಇರುವವರು ಯಾರೆಂಬುದು ಬದಲಾದರೆ ಜಾಗವೂ ಬದಲಾಗುತ್ತದೆ. ಹೀಗಾಗಿ ದೂರದೇಶದವರ ಸಾಲಿನಲ್ಲಿ ನನ್ನ ಜಾಗ ಎಲ್ಲಿ ಎಂಬುದಕ್ಕೆ ಹೆಚ್ಚು ಬೆಲೆ ಕೊಡದೆ, ನನ್ನೊಳಗಿನ ಗುಣಗಳಲ್ಲೇ ಯಾವುದು ಮೇಲೆ, ಯಾವುದು ಕೆಳಗೆ ಎಂದು ನೋಡುವಂತೆ ಅವರು ಹೇಳಿದರು.

ಈ ಪರೀಕ್ಷೆಯಿಂದ ನನಗೆ ನಿಜವಾಗಿ ದಕ್ಕಿದ್ದು ಅಲ್ಲೇ. ಐದು ಗುಣಗಳಲ್ಲಿ ಪ್ರತಿಯೊಂದಕ್ಕೂ ಆರಾರು ಉಪಗುಣಗಳಿವೆ. ಬಹಿರ್ಮುಖತೆಯಲ್ಲಿ ನನ್ನ ಒಟ್ಟು ಅಂಕ ಸಾಧಾರಣ. ಆ ಒಂದು ಸಂಖ್ಯೆಯನ್ನು ನೋಡಿ ನಿಲ್ಲಿಸಿದ್ದರೆ ಹೇಳುವುದಕ್ಕೆ ಏನೂ ಇರಲಿಲ್ಲ. ಬಿಡಿಸಿ ನೋಡಿದಾಗ ಜನರೊಂದಿಗಿನ ಆತ್ಮೀಯತೆ ಬಹಳ ಮೇಲಿತ್ತು, ಗುಂಪಿನ ಸಹವಾಸದ ಬಯಕೆ ಕೆಳಗಿತ್ತು, ನಾಲ್ಕು ಜನರ ನಡುವೆ ಮುಂದಾಳತ್ವ ವಹಿಸಿ ತನ್ನ ಮಾತನ್ನು ನಡೆಸಿಕೊಳ್ಳುವ ಗುಣ ಅದಕ್ಕಿಂತಲೂ ಕೆಳಗಿತ್ತು. ಕರ್ತವ್ಯನಿಷ್ಠೆಯಲ್ಲಿ ಶಿಸ್ತು, ಎಚ್ಚರಿಕೆ ಎರಡೂ ಮೇಲಿದ್ದವು, ಸಾಧನೆಯ ಹಂಬಲ ಅಷ್ಟಿರಲಿಲ್ಲ. ಆತಂಕದ ಉಪಗುಣ ಮೇಲಿತ್ತು, ಸಿಟ್ಟು ಕೆಳಗಿತ್ತು. ಒಬ್ಬ ಸಾಲಗಾರರನ್ನು ಎದುರಿಗೆ ಕೂರಿಸಿಕೊಂಡು ಅರ್ಧ ಗಂಟೆ ಕಂತಿನ ಲೆಕ್ಕ ವಿವರಿಸುವಾಗ ನನಗೆ ದಣಿವೇ ಆಗದಿರುವುದೂ, ಸುಸ್ತಿದಾರರ ಮನೆಗೆ ವಸೂಲಾತಿಗೆ ಹೋಗಬೇಕಾದ ದಿನ ಬೆಳಗಿನ ತಿಂಡಿ ಗಂಟಲಿನಿಂದ ಇಳಿಯದಿರುವುದೂ ಒಂದೇ ಸ್ವಭಾವದ ಎರಡು ಮುಖಗಳೆಂದು ಆ ಹಾಳೆಯನ್ನು ನೋಡುವಾಗ ಸ್ಪಷ್ಟವಾಯಿತು. ಅಲ್ಲಿಯವರೆಗೆ ಅವೆರಡನ್ನು ಸೇರಿಸಿ ನೋಡುವುದಕ್ಕೆ ನನ್ನಲ್ಲಿ ಒಂದು ದಾರಿ ಇರಲಿಲ್ಲ.

ನಮ್ಮನ್ನು ನಾವು ಎಷ್ಟರಮಟ್ಟಿಗೆ ಬಲ್ಲೆವು ಎಂಬ ಪ್ರಶ್ನೆ ಉಳಿದೇ ಇತ್ತು. ಸಿಮೀನ್ ವಜೀರ್ ಎಂಬ ಸಂಶೋಧಕಿ 2010ರಲ್ಲಿ ಪ್ರಕಟಿಸಿದ ಕೆಲಸದ ಪ್ರಕಾರ ಆತಂಕದಂಥ ಒಳಗಿನ ಗುಣಗಳನ್ನು ಆಯಾ ವ್ಯಕ್ತಿಯೇ ಚೆನ್ನಾಗಿ ಬಲ್ಲರು. ಬುದ್ಧಿ, ಸೃಜನಶೀಲತೆಯಂಥ, ಒಳ್ಳೆಯದು ಕೆಟ್ಟದ್ದೆಂಬ ಭಾವ ಅಂಟಿಕೊಂಡಿರುವ ಗುಣಗಳನ್ನು ಹತ್ತಿರದ ಗೆಳೆಯರು ಅವರಿಗಿಂತ ಸರಿಯಾಗಿ ಕಾಣುತ್ತಾರೆ. ಮಾತುಗಾರಿಕೆಯಂಥ ಹೊರಗೆ ಕಾಣುವ ಗುಣಗಳು ಎಲ್ಲರಿಗೂ ಹೆಚ್ಚುಕಡಿಮೆ ಸಮನಾಗಿ ತಿಳಿಯುತ್ತವೆ. ಆದ್ದರಿಂದ ಅದೇ ಪ್ರಶ್ನಾವಳಿಯನ್ನು ನನ್ನ ಬಗ್ಗೆ ಮೂವರಿಂದ ಬರೆಸಬೇಕೆಂದು ಸಮಾಲೋಚಕಿ ಹೇಳಿದರು. ಅಕ್ಕ, ಸಾಲ ವಿಭಾಗದ ಹಿರಿಯ ಸಹೋದ್ಯೋಗಿ, ಕಾಲೇಜಿನ ದಿನಗಳ ಗೆಳತಿ ಎಂದು ಮೂವರನ್ನು ಆರಿಸಿದೆ. ಗಂಡನನ್ನು ಕೇಳಬೇಡಿ ಎಂದು ಅವರೇ ಸೂಚಿಸಿದ್ದರು, ಏಕೆಂದರೆ ಈ ನಿರ್ಧಾರದ ಫಲ ಅವರ ಮೇಲೂ ಬೀಳುತ್ತದೆ.

ಆತಂಕದ ವಿಷಯದಲ್ಲಿ ಮೂವರೂ ನನ್ನನ್ನು ಸಮಾಧಾನಿಯೆಂದೇ ಬರೆದರು. ಅಂದರೆ ಆ ತಿಂಡಿ ಇಳಿಯದ ಬೆಳಗುಗಳು ಯಾರಿಗೂ ಕಂಡಿರಲಿಲ್ಲ. ಮುಂದಾಳತ್ವದಲ್ಲಿ ಮಾತ್ರ ಒಂದು ಅನಿರೀಕ್ಷಿತ ಉತ್ತರ ಬಂದಿತು. ಹಿರಿಯ ಸಹೋದ್ಯೋಗಿ ನನಗೆ ಅಲ್ಲಿ ಬಹಳ ಹೆಚ್ಚು ಅಂಕ ಕೊಟ್ಟಿದ್ದರು. ಯಾಕೆಂದು ಕೇಳಿದೆ.

“ಆ ಬೀಡಿ ಕಟ್ಟುವ ಅಮ್ಮನ ಸಾಲದ ಅರ್ಜಿ ವಾಪಸು ಬಂದಾಗ ನೀವು ನಿರ್ದೇಶಕರ ಎದುರು ಎಷ್ಟು ಹೊತ್ತು ವಾದ ಮಾಡಿದಿರಿ ಅಂತ ನೆನಪುಂಟಾ? ನನಗೆ ಅಷ್ಟು ಧೈರ್ಯ ಇಲ್ಲಪ್ಪ” ಎಂದರು.

ಅಕ್ಕನನ್ನು ಕೇಳಿದಾಗ ಅವಳು ಬೇರೆ ರೀತಿಯಲ್ಲಿ ಅದನ್ನೇ ಹೇಳಿದಳು. “ನಿನಗೋಸ್ಕರ ನೀನು ಯಾವತ್ತೂ ಬಾಯಿ ಬಿಟ್ಟವಳಲ್ಲ. ಇನ್ನೊಬ್ಬರದ್ದು ಅಂತ ಆದರೆ ಬಿಡುವವಳೂ ಅಲ್ಲ.”

ಇವೆರಡು ಮಾತುಗಳಷ್ಟು ಉಪಯುಕ್ತವಾದದ್ದು ಯಾವ ವರದಿಯಲ್ಲೂ ನನಗೆ ಸಿಗಲಿಲ್ಲ. ಆದರೆ ಪ್ರಶ್ನಾವಳಿ ಇರದಿದ್ದರೆ ಈ ಮಾತುಗಳು ಹೊರಡುತ್ತಲೂ ಇರಲಿಲ್ಲ. ಅಕ್ಕನಾಗಲಿ ಸಹೋದ್ಯೋಗಿಯಾಗಲಿ ಸುಮ್ಮನೆ ಕೂತಾಗ ನನ್ನ ಸ್ವಭಾವದ ವಿಶ್ಲೇಷಣೆ ಮಾಡುವವರಲ್ಲ. ಒಂದೊಂದೇ ಹೇಳಿಕೆಯನ್ನು ಮುಂದಿಟ್ಟಾಗ, ಅದಕ್ಕೆ ಗುರುತು ಹಾಕಬೇಕೆಂಬ ಹೊಣೆಯಿಂದ, ಯಾವಾಗ ಎಲ್ಲಿ ಹಾಗೆ ನಡೆದುಕೊಂಡೆ ಎಂದು ನೆನಪಿಸಿಕೊಳ್ಳುತ್ತಾರೆ. ನಾನೂ ಆಮೇಲೆ ಅದೇ ರೀತಿ, ಪ್ರತಿ ಉತ್ತರದ ಎದುರಿಗೆ ನನ್ನ ಬದುಕಿನ ಒಂದು ಘಟನೆಯನ್ನು ಬರೆಯುತ್ತ ಹೋದೆ. ಘಟನೆ ನೆನಪಿಗೆ ಬಾರದ ಉತ್ತರವನ್ನು ಅನುಮಾನದಿಂದ ನೋಡಿದೆ. ವ್ಯಕ್ತಿತ್ವ ಪರೀಕ್ಷೆ ಬರೆಯುವ ಯಾರಿಗೇ ಆದರೂ ನಾನು ಮೊದಲು ಹೇಳುವುದು ಇದನ್ನೇ.

ಎರಡನೆಯ ಹಂತ ಆಸಕ್ತಿಗಳದ್ದು. ಸ್ವಭಾವ ಹೇಗಿದೆ ಎಂಬುದರಿಂದ ಯಾವ ಕೆಲಸ ಹಿಡಿಸುತ್ತದೆ ಎಂಬುದು ನೇರವಾಗಿ ಸಿಗುವುದಿಲ್ಲ. ಅದಕ್ಕೆ ಜಾನ್ ಹಾಲೆಂಡ್ 1959ರಲ್ಲಿ ಮಂಡಿಸಿದ ಸಿದ್ಧಾಂತವನ್ನು ಇಂದಿಗೂ ಬಳಸುತ್ತಾರೆ. ಯುದ್ಧಕಾಲದಲ್ಲಿ ಸೈನಿಕರನ್ನು ಸಂದರ್ಶಿಸಿ ಅವರವರಿಗೆ ಒಪ್ಪುವ ಕೆಲಸಗಳಿಗೆ ವಿಂಗಡಿಸುತ್ತಿದ್ದವರು ಹಾಲೆಂಡ್. ಕೈಕೆಲಸ ಮತ್ತು ಯಂತ್ರ, ಶೋಧನೆ, ಕಲೆ, ಜನಸೇವೆ, ಉದ್ಯಮ ಮತ್ತು ಮುಂದಾಳತ್ವ, ಕ್ರಮಬದ್ಧ ಲೆಕ್ಕಪತ್ರ ಎಂದು ಆಸಕ್ತಿಗಳನ್ನು ಆರಾಗಿ ವಿಂಗಡಿಸಿ ಷಟ್ಕೋನದ ಆರು ಮೂಲೆಗಳಲ್ಲಿ ಇದೇ ಕ್ರಮದಲ್ಲಿ ಇಟ್ಟರು. ಅಕ್ಕಪಕ್ಕದವು ಪರಸ್ಪರ ಹೋಲುತ್ತವೆ, ಎದುರುಬದುರಿನವು ಹೋಲುವುದಿಲ್ಲ. ನಾನು ಬರೆದದ್ದು ಅಮೆರಿಕದ ಕಾರ್ಮಿಕ ಇಲಾಖೆ ಉಚಿತವಾಗಿ ಒದಗಿಸುವ, ಇದೇ ಸಿದ್ಧಾಂತದ ಮೇಲೆ ನಿಂತ, 60 ಪ್ರಶ್ನೆಗಳ ಚಿಕ್ಕ ಪ್ರಶ್ನಾವಳಿ. ಅಡುಗೆಮನೆಯ ಕಪಾಟು ಮಾಡುವುದು, ಮೀನುಮರಿ ಸಾಕುವುದು, ನೀರಿನ ಮಾಲಿನ್ಯ ತಡೆಯುವ ದಾರಿಗಳನ್ನು ಅಧ್ಯಯನ ಮಾಡುವುದು, ದಾಖಲೆಗಳಲ್ಲಿ ತಪ್ಪು ಹುಡುಕುವುದು ಎಂದು ಒಂದೊಂದೇ ಕೆಲಸವನ್ನು ಮುಂದಿಟ್ಟು, ಇದು ನಿಮಗೆ ಎಷ್ಟು ಇಷ್ಟ ಎಂದು ಕೇಳುತ್ತಾರೆ. ನಮ್ಮ ಮನೆಯಲ್ಲಿ ಯಾರೂ ದೋಣಿ ಹತ್ತಿದವರಲ್ಲ, ಆದರೂ ಮೀನುಮರಿಯ ಪ್ರಶ್ನೆಗೆ ಬಹಳ ಇಷ್ಟ ಎಂದು ಗುರುತು ಹಾಕುವಾಗ ಸಂತೋಷವಾಯಿತು. ಆ ಕೆಲಸಕ್ಕೆ ಬೇಕಾದ ವಿದ್ಯೆ ಇದೆಯೇ, ಅದರಲ್ಲಿ ಎಷ್ಟು ಸಂಬಳ ಸಿಗುತ್ತದೆ ಎಂದು ಉತ್ತರಿಸುವಾಗ ಯೋಚಿಸಬಾರದು ಎಂಬುದು ಆ ಪ್ರಶ್ನಾವಳಿಯ ಸೂಚನೆ. ನಮ್ಮಲ್ಲಿ ಯಾವ ಹಿರಿಯರೂ ಮಕ್ಕಳನ್ನು ಹಾಗೆ ಕೇಳಿದ್ದು ನಾನು ಕಂಡಿಲ್ಲ.

ನನಗೆ ಜನಸೇವೆ ಮೊದಲನೆಯದಾಗಿಯೂ ಕ್ರಮಬದ್ಧ ಲೆಕ್ಕಪತ್ರ ಎರಡನೆಯದಾಗಿಯೂ ಬಂದವು. ಉದ್ಯಮ ಮತ್ತು ಮುಂದಾಳತ್ವ ತೀರ ಕೆಳಗಿತ್ತು. ಸಮಾಲೋಚಕಿ ಷಟ್ಕೋನವನ್ನು ಬರೆದು ತೋರಿಸಿದರು. ಜನಸೇವೆಗೂ ಲೆಕ್ಕಪತ್ರಕ್ಕೂ ನಡುವಿನ ಮೂಲೆಯೇ ಉದ್ಯಮ. ಶಾಖೆಯ ಮ್ಯಾನೇಜರ್ ಹುದ್ದೆ ಜನರನ್ನೂ ಲೆಕ್ಕವನ್ನೂ ಎರಡೂ ಕೈಯಲ್ಲಿ ಹಿಡಿದು ಸರಿಯಾಗಿ ಆ ನಡುವಿನ ಮೂಲೆಯಲ್ಲಿ ನಿಲ್ಲುತ್ತದೆ. ಆ ಹುದ್ದೆ ನನಗೆ ಹೇಳಿಮಾಡಿಸಿದಂತಿದೆ ಎಂದು ಹೊರಗಿನಿಂದ ನೋಡಿದವರಿಗೆ ಯಾಕೆ ಅನಿಸುತ್ತಿತ್ತು ಎಂಬುದು ಆ ಚಿತ್ರದಲ್ಲಿ ಕಂಡಿತು. ಠೇವಣಿಯ ಗುರಿ ಮುಟ್ಟಿಸುವುದು, ಹೊಸ ಗ್ರಾಹಕರನ್ನು ಬೇರೆ ಸಂಘದಿಂದ ಸೆಳೆಯುವುದು, ಸಿಬ್ಬಂದಿಯನ್ನು ದಂಡಿಸುವುದು, ವಸೂಲಾತಿ. ಹೊಸ ಶಾಖೆಯ ಮೊದಲ ವರ್ಷಗಳೆಂದರೆ ಮುಖ್ಯವಾಗಿ ಇವೇ.

ಇಲ್ಲಿಗೆ ಉತ್ತರ ಸಿಕ್ಕಿತೆಂದು ಹೇಳಿದರೆ ಅದು ಪರೀಕ್ಷೆಗೆ ಹೊರಲಾರದ ಭಾರ ಹೊರಿಸಿದಂತೆ. ನನ್ನ ಗಂಡ ಎತ್ತಿದ ಪ್ರಶ್ನೆ ಬಹಳ ನ್ಯಾಯವಾಗಿತ್ತು. ಮ್ಯಾನೇಜರ್ ಆದ ಮೇಲೆ ಧೈರ್ಯ ತಾನಾಗಿ ಬರುವುದಿಲ್ಲವೇ, ಹುಟ್ಟಿದಾಗಿನ ಸ್ವಭಾವವೇ ಕೊನೆಯವರೆಗೂ ಇರಬೇಕೆಂದು ಎಲ್ಲಿದೆ ಎಂದು ಅವರು ಕೇಳಿದರು. ಸಮಾಲೋಚಕಿ ಅದನ್ನು ಒಪ್ಪಿದರು. ಬಹಳ ವರ್ಷ ಜನರನ್ನು ಹಿಂಬಾಲಿಸಿ ನಡೆಸಿದ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ವಯಸ್ಸು ಏರಿದಂತೆ ಸರಾಸರಿಯಾಗಿ ಜನರಲ್ಲಿ ಕರ್ತವ್ಯನಿಷ್ಠೆ ಹೆಚ್ಚುತ್ತದೆ, ಮನಸ್ಸಿನ ಸ್ಥಿಮಿತವೂ ಹೆಚ್ಚುತ್ತದೆ. ಆದ್ದರಿಂದ ಈ ಅಂಕ ನಿಮ್ಮಿಂದ ಆಗುವುದಿಲ್ಲ ಎಂದು ಹೇಳುತ್ತಿಲ್ಲ, ಅಲ್ಲಿ ಪ್ರತಿದಿನ ಎಷ್ಟು ಶ್ರಮ ಬೇಕಾಗುತ್ತದೆ ಎಂದಷ್ಟೇ ಹೇಳುತ್ತಿದೆ, ಆ ಶ್ರಮ ನಿಮಗೆ ಬೇಕೇ ಬೇಡವೇ ಎಂಬುದನ್ನು ಹಾಳೆಯಿಂದ ತಿಳಿಯಲಾಗದು, ಮಾಡಿ ನೋಡಿ ಎಂದರು.

ಮಾಡಿ ನೋಡಲು ಎರಡಕ್ಕೂ ಅವಕಾಶ ಸಿಕ್ಕಿತು. ನಮ್ಮ ಶಾಖೆಯ ಮ್ಯಾನೇಜರ್ ಮಗಳ ಮದುವೆಗೆ ರಜೆ ಹಾಕಿದಾಗ ಪ್ರಭಾರ ನನಗೆ ಬಂದಿತು. ಕೆಲಸ ಚೆನ್ನಾಗಿಯೇ ನಡೆಯಿತು, ತಾಳೆ ತಪ್ಪಲಿಲ್ಲ, ಸುಸ್ತಿಯಾಗಿದ್ದ ಒಂದು ದೊಡ್ಡ ಸಾಲದ ಕಂತೂ ಬಂದಿತು. ಪ್ರಭಾರ ಮುಗಿದ ಸಂಜೆ ಬಸ್ಸಿನಲ್ಲಿ ಕೂತಾಗ ಮನಸ್ಸಿಗೆ ಬಂದದ್ದು ಬಿಡುಗಡೆಯ ಭಾವವೊಂದೇ.

ಇನ್ನೊಂದು ಕಡೆ, ಕಾಪು ಹತ್ತಿರದ ಒಂದು ಅಂಗನವಾಡಿಯಲ್ಲಿ ಭಾನುವಾರ ಮಧ್ಯಾಹ್ನ ಸೇರುವ ಸ್ವಸಹಾಯ ಗುಂಪಿನ ಸಭೆಗೆ ಅಲ್ಲಿನ ಪ್ರೇರಕಿಯೊಂದಿಗೆ ಹೋದೆ. ಗೋಡೆಗೆ ಅಂಟಿಸಿದ ಅಕ್ಷರಮಾಲೆಯ ಕೆಳಗೆ ಚಾಪೆ ಹಾಸಿ ಎಲ್ಲರೂ ಕೂತಿದ್ದರು. ನಿರ್ಣಯ ಪುಸ್ತಕ, ಉಳಿತಾಯದ ಪಾಸ್‌ಬುಕ್‌ಗಳು ನಡುವಿನಲ್ಲಿದ್ದವು. ಗುಂಪಿನ ಒಬ್ಬರು ಒಳಸಾಲವಾಗಿ ಹತ್ತು ಸಾವಿರ ರೂಪಾಯಿ ಪಡೆದು, ತಿಂಗಳಿಗೆ ನೂರಕ್ಕೆ ಒಂದು ರೂಪಾಯಿ ಬಡ್ಡಿಯಂತೆ ಹತ್ತು ಕಂತುಗಳಲ್ಲಿ ತೀರಿಸಿದ್ದರು. ಪ್ರತಿ ತಿಂಗಳೂ ಒಂದು ಸಾವಿರ ಅಸಲು, ನೂರು ರೂಪಾಯಿ ಬಡ್ಡಿ ಎಂದು ಪುಸ್ತಕದಲ್ಲಿ ಬರೆದಿತ್ತು. ಎರಡನೆಯ ತಿಂಗಳಿಗೆ ಅಸಲು ಒಂಬತ್ತು ಸಾವಿರಕ್ಕೆ ಇಳಿದ ಮೇಲೂ ನೂರು ರೂಪಾಯಿ ಬಡ್ಡಿ ಯಾಕೆ ಎಂದು ಕೇಳಿದೆ. ಒಂದು ಹಾಳೆಯಲ್ಲಿ ನೂರು, ತೊಂಬತ್ತು, ಎಂಬತ್ತು ಎಂದು ಹತ್ತರವರೆಗೆ ಇಳಿಸುತ್ತ ಬರೆದೆವು. ಕೂಡಿದಾಗ 550 ರೂಪಾಯಿ ಆಯಿತು. ಅವರು ಕಟ್ಟಿದ್ದು ಒಂದು ಸಾವಿರ. ಮಾತುಕತೆ ಎಲ್ಲ ತುಳುವಿನಲ್ಲಿ ನಡೆಯುತ್ತಿತ್ತು. ಸಾಲ ಪಡೆದವರು ಹಾಳೆಯನ್ನು ತನ್ನ ಕಡೆಗೆ ಎಳೆದುಕೊಂಡು ಬೆರಳಿಟ್ಟು ಮತ್ತೊಮ್ಮೆ ಕೂಡಿದರು. ನಾನೂರೈವತ್ತು ಹೆಚ್ಚು ಕಟ್ಟಿದ್ದೇನೆ ಅಲ್ಲವೇ ಎಂದು ಗುಂಪಿನ ಅಧ್ಯಕ್ಷೆಯನ್ನು ಕೇಳಿದರು. ಹೆಚ್ಚು ಕಟ್ಟಿದ ಹಣ ಗುಂಪಿನ ನಿಧಿಯಲ್ಲೇ ಇದೆ, ಹೊರಗೆಲ್ಲೂ ಹೋಗಿಲ್ಲ ಎಂದು ವಿವರಿಸಿ, ಅದನ್ನು ಮುಂದಿನ ಉಳಿತಾಯಕ್ಕೆ ಜಮೆ ಮಾಡುವ ನಿರ್ಣಯವನ್ನು ಅಲ್ಲಿಯೇ ಬರೆಸಿದೆವು. ಸಭೆ ಮುಗಿಯುವಾಗ ಸಂಜೆಯಾಗಿತ್ತು. ಆಮೇಲೆಯೂ ಕೆಲವರು ತಮ್ಮ ತಮ್ಮ ಪುಸ್ತಕ ಹಿಡಿದು ನಿಂತಿದ್ದರು, ನನಗೂ ಹೊರಡುವ ಮನಸ್ಸಿರಲಿಲ್ಲ.

ಪರೀಕ್ಷೆಯ ಹಾಳೆಯಲ್ಲಿ ಬಿಡಿಬಿಡಿಯಾಗಿದ್ದ ಆತ್ಮೀಯತೆ, ಎಚ್ಚರಿಕೆ, ಲೆಕ್ಕದ ಆಸಕ್ತಿ, ಇನ್ನೊಬ್ಬರಿಗಾಗಿ ಬಾಯಿ ಬಿಡುವ ಗುಣ, ಎಲ್ಲವೂ ಆ ಅಂಗನವಾಡಿಯಲ್ಲಿ ಒಟ್ಟಿಗೆ ಕೆಲಸಕ್ಕೆ ಬಂದವು. ಮುಲ್ಕಿಯ ಹುದ್ದೆಯ ಕಡೆಗೆ ಮನಸ್ಸು ವಾಲಿದ್ದು ಆ ದಿನ.

ಇಷ್ಟೆಲ್ಲ ಬರೆದ ಮೇಲೆ ಒಂದು ಎಚ್ಚರಿಕೆಯನ್ನು ಹೇಳದಿರಲಾರೆ. ನಮ್ಮ ಎರಡೂ ಜಿಲ್ಲೆಗಳಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶದ ಹೊತ್ತಿಗೆ ಮಕ್ಕಳ ಭವಿಷ್ಯವನ್ನು ಪರೀಕ್ಷಿಸಿ ಹೇಳುತ್ತೇವೆಂಬ ಜಾಹೀರಾತುಗಳು ಬರುತ್ತವೆ. ಅವುಗಳಲ್ಲಿ ಬೆರಳಚ್ಚು ತೆಗೆದುಕೊಂಡು ಬುದ್ಧಿಯನ್ನೂ ಸ್ವಭಾವವನ್ನೂ ಹೇಳುವವರೂ ಇದ್ದಾರೆ. ಬೆರಳಚ್ಚಿನ ಆ ಪರೀಕ್ಷೆಗೆ ವೈಜ್ಞಾನಿಕ ಆಧಾರವಿಲ್ಲ, ಭಾರತೀಯ ಮನೋವೈದ್ಯರ ಸಂಘವೂ ಅದನ್ನು ಸ್ಪಷ್ಟಪಡಿಸಿದೆ. ಪ್ರಶ್ನಾವಳಿಗಳೂ ಕೂಡ ಹದಿನೈದರ ಮಗುವಿಗೆ ಇನ್ನೂ ನೋಡದ ಕೆಲಸಗಳ ಕಡೆಗೆ ಕಿಟಕಿ ತೆರೆಯಲು ಬಳಕೆಯಾಗಬೇಕೇ ಹೊರತು, ಪಿಸಿಎಂಬಿಯೋ ಕಾಮರ್ಸೋ ಎಂದು ಒಂದು ಸಂಜೆಯಲ್ಲಿ ತೀರ್ಪು ಕೊಡಲು ಅಲ್ಲ. ನನ್ನ ಉತ್ತರಗಳ ಎದುರು ಬರೆಯಲು ನನಗೆ ಕೆಲಸದ ಘಟನೆಗಳಿದ್ದವು. ಆ ಮಕ್ಕಳಿಗೆ ಅವು ಇನ್ನೂ ಆಗಿರುವುದಿಲ್ಲ.

ಪ್ರಶ್ನಾವಳಿ ಬದಿಗಿಡಲು ಹೇಳಿದ್ದ ಹಣದ ವಿಷಯವನ್ನು ಕೊನೆಗೆ ನಾವು ಮನೆಯಲ್ಲಿ ಎತ್ತಿಕೊಂಡೆವು. ಮನೆ ಸಾಲದ ಕಂತು, ಮಗಳ ಶಾಲೆಯ ಶುಲ್ಕ, ಅತ್ತೆಯವರ ಔಷಧಿ, ಎರಡು ಹುದ್ದೆಗಳ ಸಂಬಳದ ವ್ಯತ್ಯಾಸ, ಕುಂದಾಪುರಕ್ಕೆ ದಿನವೂ ಹೋಗಿಬರುವ ಅಥವಾ ಅಲ್ಲಿ ಬಾಡಿಗೆಗೆ ಇರುವ ಖರ್ಚು ಎಲ್ಲವನ್ನೂ ಗಂಡ ಒಂದು ಹಾಳೆಯಲ್ಲಿ ಬರೆದರು. ಮುಲ್ಕಿ ಪಡುಬಿದ್ರಿಗೆ ಹತ್ತಿರ, ಹಾಗಾಗಿ ಕೈಯಲ್ಲಿ ಉಳಿಯುವ ಹಣದ ವ್ಯತ್ಯಾಸ ನಾವು ಅಂದುಕೊಂಡಷ್ಟು ದೊಡ್ಡದಾಗಿರಲಿಲ್ಲ. ಆದರೂ ವ್ಯತ್ಯಾಸ ಇತ್ತು. ಮನೆಗೆ ಬಣ್ಣ ಹೊಡೆಸುವುದನ್ನು ಮುಂದಕ್ಕೆ ಹಾಕುವುದೆಂದು ತೀರ್ಮಾನಿಸಿದೆವು. ಅಪ್ಪನಿಗೆ ಫೋನಿನಲ್ಲಿ ಹೇಳಿದಾಗ ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, “ನೀನು ಯೋಚಿಸಿಯೇ ಮಾಡಿರುತ್ತಿ. ಆದರೆ ನನಗೆ ಬೇಜಾರುಂಟು” ಎಂದರು. ಅವರ ಬೇಜಾರು ನನಗೆ ಅರ್ಥವಾಗುತ್ತದೆ, ಅದನ್ನು ಹೋಗಲಾಡಿಸುವ ಮಾತು ನನ್ನಲ್ಲಿಲ್ಲ.

ಮಹಾಪ್ರಬಂಧಕರು ಕಾರಣಗಳನ್ನು ಬರವಣಿಗೆಯಲ್ಲಿ ಕೊಡಲು ಹೇಳಿದ್ದರು. ಆ ಪತ್ರದಲ್ಲಿ ನಾನು ಯಾವ ಪರೀಕ್ಷೆಯ ಅಂಕವನ್ನೂ ಬರೆಯಲಿಲ್ಲ. ಪ್ರಭಾರದಲ್ಲಿದ್ದಾಗ ಮಾಡಿದ ಕೆಲಸ, ಗುಂಪಿನ ಸಭೆಯಲ್ಲಿ ಕಂಡ ಲೆಕ್ಕದ ತೊಡಕು, ಅದನ್ನು ಸರಿಪಡಿಸಲು ಪ್ರೇರಕಿಯರಿಗೆ ಬೇಕಾದ ತರಬೇತಿ ಇವನ್ನು ಬರೆದು, ಹತ್ತು ಸಾವಿರಕ್ಕೆ 550 ರೂಪಾಯಿ ಬಡ್ಡಿ ಬರುವ ಇಳಿಕೆಯ ಪಟ್ಟಿಯನ್ನು ಜೊತೆಗಿಟ್ಟೆ. ಅವರು ಪತ್ರವನ್ನು ಓದಿ, ಆ ಪಟ್ಟಿಯನ್ನು ಗುಂಪುಗಳ ಪಾಸ್‌ಬುಕ್‌ನ ಹಿಂಬದಿಯಲ್ಲಿ ಕನ್ನಡದಲ್ಲಿ ಅಚ್ಚು ಹಾಕಿಸಲು ಎಷ್ಟು ಖರ್ಚಾಗಬಹುದೆಂದು ವಿಚಾರಿಸಿ ತಿಳಿಸಿ ಎಂದರು.